ಆಡುವುದು ಬೇರೆ, ಆಡಿಸುವುದು ಬೇರೆ: ಹೈದರಾಬಾದಿನ ರಹೀಂ ಸಾಹೇಬರು

ನಮ್ಮ ವಾಚನಾಲಯದಲ್ಲಿ ಭಾನುವಾರದ ಸಂಜೆ ಪತ್ರಿಕೆಗಳಿಗಿಂತ ಮಾತುಗಳೇ ಹೆಚ್ಚು. ಹೀಗೊಂದು ಸಂಜೆ, ಗೋದಾಮಿನಲ್ಲಿ ಕೆಲಸ ಮಾಡುವ ಕಲಬುರಗಿ ಕಡೆಯ ತರುಣನೊಬ್ಬ ೨೦೨೪ರಲ್ಲಿ ತೆರೆಕಂಡ 'ಮೈದಾನ್' ಎಂಬ ಹಿಂದೀ ಚಿತ್ರವನ್ನು ನೆನೆದು ನಮ್ಮನ್ನು ಕೇಳಿದ: "ಅಣ್ಣಾರೀ, ಈ ರಹೀಂ ಸಾಹೇಬ್ರು ತಾವು ಆಡಿದ್ದು ಎಲ್ಲಿ? ಸಿನೆಮಾದಾಗ ಅವರು ಆಡಿಸಿದ್ದಷ್ಟೇ ಕಾಣತದ, ಆಡಿದ್ದು ಕಾಣಂಗಿಲ್ಲ." ಪಕ್ಕದಲ್ಲಿ ಕುಳಿತಿದ್ದ ಗುಮಾಸ್ತರೊಬ್ಬರು ನಕ್ಕು, "ನಮ್ಮ ಆಫೀಸಿನಲ್ಲೂ ಹಾಗೆಯೇ ತಮ್ಮಾ, ಕೆಲಸ ಮಾಡುವವನು ಬೇರೆ, ಮಾಡಿಸುವವನು ಬೇರೆ" ಎಂದರು. ಎಲ್ಲರೂ ನಕ್ಕೆವು. ಆದರೆ ಮನೆಗೆ ಹೋದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆಟಗಾರನಾಗಿದ್ದವನು ತರಬೇತುದಾರನಾಗುವುದು ಹೇಗೆ? ಒಂದರಲ್ಲಿ ನಿಪುಣನಾದವನು ಇನ್ನೊಂದರಲ್ಲಿಯೂ ನಿಪುಣನಾಗುವನೆ? ಈ ಸಂಚಿಕೆಯ ಪಾಠಕ್ಕೆ ಅದನ್ನೇ ವಿಷಯವಾಗಿ ಆರಿಸಿಕೊಂಡಿದ್ದೇವೆ. ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಾವಿರುವ ಶಂಶಾಬಾದಿನಿಂದ ಬಸ್ಸು ಹತ್ತಿ ಊರೊಳಗೆ ಹೋದರೆ ಸಿಗುವ ಕಾಚಿಗುಡ, ಚಾದರಘಾಟ್‌ಗಳೇ ಈ ಕಥೆ ಬೆಳೆದ ನೆಲ.

೧. ಪದದ ಅರ್ಥ

ಮೊದಲು ಒಂದು ಪದದ ತೊಡಕನ್ನು ಬಿಡಿಸಿಕೊಳ್ಳೋಣ. ನಮಗೆ ಮ್ಯಾನೇಜರ್ ಎಂದರೆ ಗಾಜಿನ ಕೋಣೆಯಲ್ಲಿ ಕುಳಿತು ರಜೆಯ ಅರ್ಜಿಗೆ ರುಜು ಹಾಕುವವರು. ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ ಆ ಪದಕ್ಕೆ ಬೇರೆ ಅರ್ಥವುಂಟು. ಅಲ್ಲಿ ತಂಡವನ್ನು ಆರಿಸುವವನು, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವವನು, ಸೋತರೆ ಬೈಸಿಕೊಳ್ಳುವವನು, ಎಲ್ಲವೂ ಮ್ಯಾನೇಜರನೇ. ನಮ್ಮ ದೇಶದಲ್ಲಿ ಈ ಹೊಣೆ ಹೊತ್ತವನನ್ನು ಬಹುಕಾಲದಿಂದ ಕೋಚ್, ಅಂದರೆ ತರಬೇತುದಾರ, ಎಂದು ಕರೆಯುತ್ತ ಬಂದಿದ್ದೇವೆ.

ವೃತ್ತಿಪರ ಎಂಬ ಮಾತನ್ನೂ ಸ್ವಲ್ಪ ನೋಡಬೇಕು. ಯುರೋಪಿನಲ್ಲಿ ಆಟವೇ ಉದ್ಯೋಗ, ಆಟಕ್ಕೇ ಸಂಬಳ. ೧೯೫೦ರ ಸುಮಾರಿನ ಹೈದರಾಬಾದಿನಲ್ಲಿ ಆಟಗಾರನಿಗೆ ಸಂಬಳ ಬರುತ್ತಿದ್ದುದು ಪೊಲೀಸ್ ಇಲಾಖೆಯ ನೌಕರಿಯಿಂದ. ಬೇರೆ ಊರುಗಳಲ್ಲಿ ರೈಲ್ವೆ, ಸೈನ್ಯ, ಗಿರಣಿಗಳು ಇದೇ ಕೆಲಸ ಮಾಡಿದವು. ಕಾಗದದ ಮೇಲೆ ಅವರು ಹವ್ಯಾಸಿಗಳು, ಆದರೆ ಆಟವಿಲ್ಲದಿದ್ದರೆ ನೌಕರಿಯಿಲ್ಲ, ನೌಕರಿಯಿಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯದು. ಆದುದರಿಂದ ಅವರನ್ನು ಆಟದಿಂದ ಅನ್ನ ಸಂಪಾದಿಸಿದವರು ಎನ್ನುವುದರಲ್ಲಿ ತಪ್ಪಿಲ್ಲ.

೨. ಶಾಲಾ ಮಾಸ್ತರರು

ಸೈಯದ್ ಅಬ್ದುಲ್ ರಹೀಂ ಅವರು ಹುಟ್ಟಿದ್ದು ೧೯೦೯ನೆಯ ಆಗಸ್ಟ್ ೧೭ರಂದು, ಹೈದರಾಬಾದಿನಲ್ಲಿ. ಅಂದು ಇದು ನಿಜಾಮರ ರಾಜ್ಯ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಅನೇಕರ ಊರುಗಳಾದ ಕಲಬುರಗಿ, ಬೀದರ, ರಾಯಚೂರುಗಳೂ ೧೯೫೬ನೆಯ ನವೆಂಬರ್ ಒಂದರ ತನಕ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆದುದರಿಂದ ರಹೀಂ ಸಾಹೇಬರು ನಮ್ಮ ಅಜ್ಜಂದಿರಿಗೆ ಪರರಾಜ್ಯದವರಲ್ಲ, ಒಂದೇ ಸರ್ಕಾರದ ಪ್ರಜೆಗಳು.

ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿಯ ತಂಡದಲ್ಲಿ ಆಡಿದರು. ಅನಂತರ ಊರಿನ ಕ್ಲಬ್ಬುಗಳಲ್ಲಿ ಆಡಿದರು. ದೇಶದ ಪರವಾಗಿ ಆಡಿ ಹೆಸರು ಪಡೆದವರಲ್ಲ. ತರುಣನ ಪ್ರಶ್ನೆಗೆ ಉತ್ತರ ಇಷ್ಟೇ: ಆಡಿದ್ದರು, ಆದರೆ ಅವರ ಹೆಸರು ಉಳಿದದ್ದು ಆಡಿದ್ದಕ್ಕಾಗಿ ಅಲ್ಲ.

ಹೊಟ್ಟೆಪಾಡಿಗೆ ಅವರು ಹಿಡಿದ ಕೆಲಸ ಉಪಾಧ್ಯಾಯರದು. ಕಾಚಿಗುಡದ ಮಿಡ್ಲ್ ಸ್ಕೂಲು, ದಾರುಲ್ ಉಲೂಂ ಪ್ರೌಢಶಾಲೆ, ಚಾದರಘಾಟ್ ಪ್ರೌಢಶಾಲೆ ಮುಂತಾದ ಕಡೆ ಪಾಠ ಹೇಳಿದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಆಟದ ಹೊಣೆಯನ್ನೂ ಹೊತ್ತರು. ಈ ಅಂಶವನ್ನು ಓದುಗರು ಗಮನದಲ್ಲಿಡಬೇಕು. ನಲವತ್ತು ಹುಡುಗರ ತರಗತಿಯಲ್ಲಿ ನಾಲ್ವರು ಜಾಣರು, ಹತ್ತು ಮಂದಿ ಮಂದರು, ಉಳಿದವರು ನಡುವಿನವರು. ಎಲ್ಲರನ್ನೂ ಒಂದೇ ಪಾಠದ ಮೂಲಕ ಮುಂದಕ್ಕೆ ಒಯ್ಯಬೇಕು. ಯಾವ ಹುಡುಗನಿಗೆ ಗದರಿಕೆ ಬೇಕು, ಯಾವನಿಗೆ ಬೆನ್ನು ತಟ್ಟುವುದು ಬೇಕು ಎಂಬುದನ್ನು ಮಾಸ್ತರರು ಮುಖ ನೋಡಿಯೇ ತಿಳಿಯಬೇಕು. ಮುಂದೆ ರಹೀಂ ಸಾಹೇಬರು ಮೈದಾನದಲ್ಲಿ ಮಾಡಿದ್ದೂ ಇದನ್ನೇ ಎಂದು ನಮಗೆ ತೋರುತ್ತದೆ.

೧೯೪೦ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ. ೧೯೫೦ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯನ್ನು ವಹಿಸಿಕೊಂಡರು. ಈ ತಂಡ ಆಗಲೇ ಗಟ್ಟಿಯಾದದ್ದು. ೧೯೪೩ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಆಶ್ ಗೋಲ್ಡ್ ಕಪ್ ಪಂದ್ಯದಲ್ಲಿ ಬ್ರಿಟಿಷರ ವಾಯುದಳದ ತಂಡವನ್ನು ಸೋಲಿಸಿ ಹೆಸರು ಮಾಡಿತ್ತು. ರಹೀಂ ಸಾಹೇಬರು ಬಂದ ಮೇಲೆ ೧೯೫೦ರಿಂದ ೧೯೫೪ರವರೆಗೆ ಐದು ವರ್ಷ ಬಿಡದೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ೧೯೫೦, ೧೯೫೪, ೧೯೫೭ರಲ್ಲಿ ಡ್ಯೂರಾಂಡ್ ಕಪ್ಪು ಬಂತು. ೧೯೬೧ರಲ್ಲಿ ಆಂಧ್ರ ಪೊಲೀಸ್ ಎಂಬ ಹೆಸರಿನಿಂದ ಅದನ್ನೇ ಮತ್ತೆ ಗೆದ್ದರು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಹೈದರಾಬಾದು ೧೯೫೬-೫೭ ಮತ್ತು ೧೯೫೭-೫೮ರಲ್ಲಿ ಸಾಲಾಗಿ ಪಡೆಯಿತು.

೩. ಕಲಿಸಿದ ಬಗೆ

ಅವರು ಕಲಿಸಿದ್ದೇನು? ಪಾಠದ ಮುಖ್ಯ ಭಾಗ ಇದು.

ಅಂದಿನ ನಮ್ಮ ಆಟಗಾರರಿಗೆ ಚೆಂಡನ್ನು ಕಾಲಿಗಂಟಿಸಿಕೊಂಡು ಇಬ್ಬರು ಮೂವರನ್ನು ವಂಚಿಸಿ ಓಡುವುದೆಂದರೆ ಪರಮಾನಂದ. ಜನರೂ ಅದಕ್ಕೇ ಚಪ್ಪಾಳೆ ತಟ್ಟುವರು. ರಹೀಂ ಸಾಹೇಬರು ಹೈದರಾಬಾದಿನಲ್ಲಿ ಒಂದು ವಿಚಿತ್ರ ಪಂದ್ಯಾವಳಿಯನ್ನು ನಡೆಸಿದರು. ಅದರಲ್ಲಿ ಚೆಂಡನ್ನು ಹೀಗೆ ಹೊತ್ತು ಓಡುವಂತೆಯೇ ಇಲ್ಲ. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಕಾರಣ ಸರಳ. ಮನುಷ್ಯ ಎಷ್ಟೇ ವೇಗವಾಗಿ ಓಡಿದರೂ ಒದ್ದ ಚೆಂಡಿನಷ್ಟು ವೇಗವಾಗಿ ಓಡಲಾರ. ಚೆಂಡನ್ನು ಓಡಿಸಿದರೆ ಎದುರಾಳಿ ದಣಿಯುತ್ತಾನೆ, ತಾನೇ ಓಡಿದರೆ ತಾನು ದಣಿಯುತ್ತಾನೆ. ಜೊತೆಗೆ, ಚೆಂಡು ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ನೋಡಿಕೊಂಡಿರಬೇಕಾಗುತ್ತದೆ. ಹೀಗೆ ಕಾಲಿನ ಆಟ ಕಣ್ಣಿನ ಮತ್ತು ತಲೆಯ ಆಟವಾಗುತ್ತದೆ.

ಇನ್ನೊಂದು ಪಂದ್ಯಾವಳಿಯಲ್ಲಿ ಆಟಗಾರ ತನ್ನ ದುರ್ಬಲವಾದ ಕಾಲಿನಿಂದಲೇ ಆಡಬೇಕು. ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ. ಮೊದಲ ದಿನ ನೋಡುವವರಿಗೆ ನಗು ಬರುವಂಥ ಆಟ. ಆದರೆ ಒಂದೇ ಕಾಲು ಬಲ್ಲವನನ್ನು ತಡೆಯುವುದು ಸುಲಭ, ಅವನು ಯಾವ ಕಡೆ ತಿರುಗುವನೆಂದು ಎದುರಾಳಿಗೆ ಮೊದಲೇ ಗೊತ್ತು. ಎರಡೂ ಕಾಲು ಬಲ್ಲವನ ಮುಂದೆ ಅವನು ಊಹಿಸುತ್ತಲೇ ನಿಲ್ಲಬೇಕು. ಬಲಗೈಯಲ್ಲಿ ಬರೆಯುವ ಗುಮಾಸ್ತರು ಒಂದು ದಿನ ಎಡಗೈಯಲ್ಲಿ ಲೆಕ್ಕದ ಪುಸ್ತಕ ಬರೆದು ನೋಡಲಿ. ಎಷ್ಟು ತಾಳ್ಮೆ ಬೇಕೆಂದು ತಿಳಿದೀತು.

ಇವೆರಡೂ ಉಪದೇಶಗಳಲ್ಲ, ನಿಯಮಗಳು ಎಂಬುದನ್ನು ಗಮನಿಸಿರಿ. "ಚೆಂಡು ದಾಟಿಸಿರಪ್ಪಾ" ಎಂದು ನೂರು ಸಲ ಕೂಗಿದರೂ ಹುಡುಗರು ಕೇಳುವುದಿಲ್ಲ. ದಾಟಿಸದಿದ್ದರೆ ಆಟವೇ ನಡೆಯದು ಎಂದು ನಿಯಮ ಮಾಡಿದರೆ ತಾವಾಗಿ ಕಲಿಯುತ್ತಾರೆ. ಒಳ್ಳೆಯ ಮಾಸ್ತರರ ಗುಟ್ಟು ಇದೇ.

ಆಟಗಾರರನ್ನು ಗುರುತಿಸುವುದರಲ್ಲಿಯೂ ಅವರ ಕಣ್ಣು ಸೂಕ್ಷ್ಮವಾದದ್ದು. ಸಿಕಂದರಾಬಾದಿನ ಅಮ್ಮುಗುಡದ ಬಡ ಕುಟುಂಬದ ಹುಡುಗ ತುಳಸೀದಾಸ್ ಬಲರಾಮ್ ಅವರ ಕಣ್ಣಿಗೆ ಬಿದ್ದ. ಅಭ್ಯಾಸಕ್ಕೆ ಹೈದರಾಬಾದಿಗೆ ಬಾ ಎಂದರೆ, ಬರಲು ದುಡ್ಡಿಲ್ಲ ಎಂದ. ರಹೀಂ ಸಾಹೇಬರು ಸೈಕಲ್ಲಿನ ಬಾಡಿಗೆಗೆ ಏರ್ಪಾಡು ಮಾಡಿದರು. ಆ ಹುಡುಗ ೧೯೫೬ ಮತ್ತು ೧೯೬೦ರ ಒಲಿಂಪಿಕ್ ತಂಡಗಳಲ್ಲಿ ಸ್ಥಾನ ಪಡೆದ. ಬಸ್ಸಿನ ಚಾರ್ಜು ಉಳಿಸಲು ನಡೆದುಹೋಗುವ ನಮ್ಮ ಓದುಗರಿಗೆ ಈ ಸೈಕಲ್ಲಿನ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

೪. ಒಂದು ಸೋಲು, ಒಂದು ಪಾಠ

೧೯೫೧ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದವು. ರಹೀಂ ಸಾಹೇಬರ ಭಾರತ ತಂಡ ಅಂತಿಮ ಪಂದ್ಯದಲ್ಲಿ ಇರಾನನ್ನು ೧-೦ಯಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಹೊಡೆದವರು ಸಾಹು ಮೇವಾಲಾಲ್. ದೇಶವೆಲ್ಲ ಹಿಗ್ಗಿತು.

ಮರುವರ್ಷ, ೧೯೫೨ರಲ್ಲಿ, ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು ನಮ್ಮ ತಂಡ ೧-೧೦ಯಿಂದ ಸೋತಿತು. ಹತ್ತು ಗೋಲು! ನಮ್ಮ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಊರಿನ ಒಣ ನೆಲದ ಮೇಲೆ ಬರಿಗಾಲು ಸೊಗಸು. ಚೆಂಡು ಕಾಲಿಗೆ ಬೆರಳಿನಂತೆ ಒದಗುತ್ತದೆ. ಚಳಿಯ ದೇಶದ ಒದ್ದೆ ಹುಲ್ಲಿನ ಮೇಲೆ ಅದೇ ಕಾಲು ಜಾರುತ್ತದೆ, ಬೂಟು ಹಾಕಿದವನ ಎದುರು ಅಂಜುತ್ತದೆ. ಆ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಬೂಟನ್ನು ಕಡ್ಡಾಯ ಮಾಡಿತು.

ರಹೀಂ ಸಾಹೇಬರ ದೊಡ್ಡತನ ಈ ಸೋಲಿನ ನಂತರ ಕಾಣುತ್ತದೆ. ಬೂಟಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಹುದಾಗಿತ್ತು. ಆದರೆ ಆಟದ ರಚನೆಯೇ ಹಳತಾಗಿದೆ ಎಂದು ಅವರು ಕಂಡುಕೊಂಡರು. ಅಂದು ನಮ್ಮಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುವ ಪದ್ಧತಿಯಿತ್ತು. ಮುಂದೆ ಐವರಿದ್ದರೆ ನೋಡಲು ಶೂರತನ. ಆದರೆ ಚೆಂಡು ಎದುರಾಳಿಯ ಪಾಲಾದೊಡನೆ ಮನೆ ಕಾಯಲು ಇಬ್ಬರೇ ಉಳಿಯುತ್ತಾರೆ. ಅದೇ ಕಾಲದಲ್ಲಿ ಹಂಗೇರಿಯವರು ಮುಂದಿನ ನಡುಗಾರನನ್ನು ಹಿಂದಕ್ಕೆಳೆದು ಜಗತ್ತನ್ನು ಬೆರಗುಗೊಳಿಸುತ್ತಿದ್ದರು. ರಹೀಂ ಸಾಹೇಬರು ಇದನ್ನೆಲ್ಲ ಅಭ್ಯಾಸ ಮಾಡಿ, ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ ಹೊಸ ರಚನೆಯತ್ತ ನಮ್ಮ ತಂಡವನ್ನು ತಿರುಗಿಸಿದರು. ೧೯೫೮ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದು ಲೋಕಪ್ರಸಿದ್ಧಗೊಳಿಸಿದ್ದು ಈ ರಚನೆಯನ್ನೇ.

ಫಲ ದೊರೆಯಲು ನಾಲ್ಕು ವರ್ಷ ಹಿಡಿಯಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆತಿಥೇಯ ಆಸ್ಟ್ರೇಲಿಯವನ್ನು ೪-೨ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಏಷ್ಯದ ಒಂದು ದೇಶ ಉಪಾಂತ್ಯಕ್ಕೆ ಏರಿದ್ದು ಅದೇ ಮೊದಲು. ಉಪಾಂತ್ಯದಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ಈ ಸಲ ಮೊದಲ ಗೋಲು ನಮ್ಮದು! ಕೊನೆಗೆ ೧-೪ರಿಂದ ಸೋತೆವು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯಕ್ಕೆ ೦-೩ರಿಂದ ಸೋತು ನಾಲ್ಕನೆಯವರಾದೆವು. ಹೈದರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್, ಜುಲ್ಫಿಕರುದ್ದೀನ್, ಅಹ್ಮದ್ ಹುಸೇನ್, ಬಲರಾಮ್ ಆ ತಂಡದಲ್ಲಿದ್ದರು. ನಮ್ಮ ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು.

೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ನಮ್ಮ ಗುಂಪು ಕಠಿಣವಾಗಿತ್ತು. ಹಂಗೇರಿಯ ಎದುರು ೧-೨ರಿಂದ ಸೋಲು, ಫ್ರಾನ್ಸಿನೊಡನೆ ೧-೧ರ ಸಮ, ಪೆರುವಿನ ಎದುರು ೧-೩ರಿಂದ ಸೋಲು. ಹಂಗೇರಿ ಆ ವರ್ಷ ಕಂಚು ಗೆದ್ದ ತಂಡ. ಎಂಟು ವರ್ಷಗಳ ಹಿಂದೆ ಹತ್ತು ಗೋಲು ತಿಂದವರು ಇಂಥವರೆದುರು ಒಂದೇ ಗೋಲಿನ ಅಂತರದಲ್ಲಿ ನಿಂತರು. ಅಂಕಪಟ್ಟಿಯಲ್ಲಿ ಇದು ಸೋಲೇ. ಆದರೆ ಕಲಿಕೆಯ ದಾರಿಯಲ್ಲಿ ಎಷ್ಟು ದೂರ ಬಂದಿದ್ದರು ಎಂಬುದನ್ನೂ ಇದೇ ಅಂಕ ಹೇಳುತ್ತದೆ.

೫. ತಂದೆ ಮತ್ತು ಮಗ

ರೋಮಿನ ತಂಡದ ಪಟ್ಟಿಯಲ್ಲಿ ಒಂದು ಹೆಸರಿತ್ತು: ಸೈಯದ್ ಶಾಹಿದ್ ಹಕೀಂ. ರಹೀಂ ಸಾಹೇಬರ ಮಗ. ೧೯೩೯ರಲ್ಲಿ ಹುಟ್ಟಿದವರು, ನಡುಸಾಲಿನ ಆಟಗಾರರು. ತಂದೆಯೇ ತರಬೇತುದಾರರು. ಮಗ ಎಷ್ಟು ಪಂದ್ಯ ಆಡಿದರು? ಒಂದೂ ಇಲ್ಲ. ಮೂರು ಪಂದ್ಯಗಳನ್ನೂ ಹೊರಗೆ ಕುಳಿತು ನೋಡಿದರು. ೧೯೬೨ರ ಏಷ್ಯನ್ ಕ್ರೀಡೆಗಳ ತಂಡದಲ್ಲಂತೂ ಅವರ ಹೆಸರೇ ಇರಲಿಲ್ಲ.

ನಮ್ಮ ವಾಚನಾಲಯದಲ್ಲಿ ಈ ಸಂಗತಿಯ ಬಗ್ಗೆ ವಾದ ನಡೆಯಿತು. "ಒಂದು ಹತ್ತು ನಿಮಿಷ ಆಡಿಸಿದ್ದರೆ ಏನು ಹೋಗುತ್ತಿತ್ತು? ಒಲಿಂಪಿಕ್ಸ್ ಮತ್ತೆ ಬರುತ್ತದೆಯೆ?" ಎಂದರು ಒಬ್ಬರು. ಮತ್ತೊಬ್ಬರು, "ಆಡಿಸಿದ್ದರೆ ಉಳಿದ ಹುಡುಗರು ಏನೆಂದುಕೊಳ್ಳುತ್ತಿದ್ದರು?" ಎಂದರು. ಅಂದಿನ ನಿಯಮದಲ್ಲಿ ಇಂದಿನಂತೆ ಆಟದ ನಡುವೆ ಆಟಗಾರರನ್ನು ಬದಲಿಸುವ ಸೌಕರ್ಯವಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮಗನನ್ನು ಆಡಿಸಬೇಕೆಂದರೆ ಮೊದಲ ಹನ್ನೊಂದರಲ್ಲಿ ಮತ್ತೊಬ್ಬರ ಮನೆಯ ಮಗನನ್ನು ಕೂರಿಸಬೇಕು. ನಮ್ಮ ಕಚೇರಿ ಕಾರ್ಖಾನೆಗಳಲ್ಲಿ ಸಾಹೇಬರ ಕಡೆಯವನಿಗೆ ಬಡತಿ ಸಿಕ್ಕಾಗ ಎದೆಯಲ್ಲಿ ಏನಾಗುತ್ತದೆಂದು ನಾವೆಲ್ಲ ಬಲ್ಲೆವು. ತಂದೆಯ ನೋವು ದೊಡ್ಡದಿದ್ದಿರಬೇಕು, ಮಗನ ನೋವು ಅದಕ್ಕಿಂತ ದೊಡ್ಡದು. ಆದರೆ ತಂಡದ ನಂಬಿಕೆ ಒಡೆಯಲಿಲ್ಲ.

ಹಕೀಂ ಅವರು ಮುಂದೆ ತಂದೆಯ ದಾರಿಯನ್ನೇ ಹಿಡಿದರು. ವಾಯುದಳದಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಸೈನ್ಯದ ತಂಡಕ್ಕೆ ಆಡಿದರು, ಅಂತರರಾಷ್ಟ್ರೀಯ ತೀರ್ಪುಗಾರರಾದರು. ೧೯೮೨ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಪಿ. ಕೆ. ಬ್ಯಾನರ್ಜಿಯವರಿಗೆ ಸಹಾಯಕ ತರಬೇತುದಾರರಾಗಿದ್ದರು. ೧೯೯೮ರಲ್ಲಿ ಅವರ ತರಬೇತಿಯ ಮಹೀಂದ್ರ ಆಂಡ್ ಮಹೀಂದ್ರ ತಂಡ ಡ್ಯೂರಾಂಡ್ ಕಪ್ ಗೆದ್ದಿತು. ೨೦೧೭ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ೨೦೨೧ರ ಆಗಸ್ಟ್ ೨೨ರಂದು ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ. ಪ್ರಶ್ನೆ ಕೇಳಿದ ತರುಣನಿಗೆ ಇದನ್ನು ಹೇಳಿದಾಗ, ತನ್ನೂರಿನ ಹೆಸರು ಈ ಕಥೆಯಲ್ಲಿ ಬಂದದ್ದಕ್ಕೆ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

೬. ಜಕಾರ್ತ

೧೯೬೨ರ ಏಷ್ಯನ್ ಕ್ರೀಡೆಗಳು ಜಕಾರ್ತದಲ್ಲಿ ನಡೆದವು. ರಹೀಂ ಸಾಹೇಬರಿಗೆ ಆಗಲೇ ಶ್ವಾಸಕೋಶದ ಕಾಯಿಲೆ ಹತ್ತಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದ ಎದುರು ೦-೨ರಿಂದ ಸೋಲು. ನಂತರ ಥೈಲೆಂಡಿನ ಮೇಲೆ ೪-೧, ಜಪಾನಿನ ಮೇಲೆ ೨-೦ ಗೆಲುವು. ಆದರೆ ಥೈಲೆಂಡಿನ ಪಂದ್ಯದಲ್ಲಿ ಹಿಂದಣ ಕೋಟೆಯಂತಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು.

ಅದರ ಮೇಲೆ ಹೊರಗಿನ ತೊಂದರೆ. ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಪಾಲ್ಗೊಳ್ಳಲು ಅವಕಾಶ ಕೊಡದಿದ್ದುದರ ವಿಷಯವಾಗಿ ಭಾರತದ ಕ್ರೀಡಾ ಧುರೀಣ ಜಿ. ಡಿ. ಸೋಂಧಿಯವರು ಎತ್ತಿದ ಆಕ್ಷೇಪಣೆಯಿಂದ ಊರಿನ ಜನ ಕೆರಳಿದ್ದರು. ನಮ್ಮ ಆಟಗಾರರು ಮೈದಾನಕ್ಕೆ ಇಳಿದರೆ ಕೂಗಾಟ, ಹಳಿದಾಟ.

ಇಂಥ ವೇಳೆಯಲ್ಲಿ ತರಬೇತುದಾರನ ಕೆಲಸ ಏನು? ಇರುವವರನ್ನು ಇರುವ ಸ್ಥಿತಿಯಲ್ಲಿ ಸರಿಯಾದ ಜಾಗಕ್ಕೆ ಹಚ್ಚುವುದು. ಗಾಯಗೊಂಡ ಜರ್ನೈಲ್ ಸಿಂಗರನ್ನು ಹಿಂದೆ ನಿಲ್ಲಿಸಿದರೆ ಒಂದು ತಪ್ಪಿನಿಂದ ಪಂದ್ಯವೇ ಹೋದೀತು. ಕೈಬಿಟ್ಟರೆ ಅವರ ಎತ್ತರ, ಬಲ, ಧೈರ್ಯಗಳೆಲ್ಲ ವ್ಯರ್ಥ. ರಹೀಂ ಸಾಹೇಬರು ಅವರನ್ನು ಮುಂದೆ, ಗೋಲು ಹೊಡೆಯುವ ಜಾಗದಲ್ಲಿ ನಿಲ್ಲಿಸಿದರು! ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮಿನ ಎದುರು ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದರು. ೩-೨ರ ಗೆಲುವು.

ಅಂತಿಮ ಪಂದ್ಯದ ಹಿಂದಿನ ರಾತ್ರಿ ಅವರು ಆಟಗಾರರನ್ನು ಕೂರಿಸಿಕೊಂಡು, ತನಗೆ ನಾಳೆ ನಿಮ್ಮಿಂದ ಒಂದು ಕಾಣಿಕೆ ಬೇಕು, ಆ ಚಿನ್ನವನ್ನು ಗೆದ್ದುಕೊಡಿರಿ ಎಂಬರ್ಥದ ಮಾತನ್ನಾಡಿದರೆಂದು ಆ ತಂಡದವರು ಮುಂದೆ ನೆನೆಸಿಕೊಂಡಿದ್ದಾರೆ. ತಮಗಾಗಿ ಏನನ್ನೂ ಕೇಳದ ಮಾಸ್ತರರು ಮೊದಲ ಸಲ ಕೇಳಿದ್ದು ಅದು.

೧೯೬೨ನೆಯ ಸೆಪ್ಟೆಂಬರ್ ೪. ಎದುರಿಗೆ ಮತ್ತೆ ಅದೇ ದಕ್ಷಿಣ ಕೊರಿಯ. ಸುತ್ತಲೂ ಸುಮಾರು ಲಕ್ಷ ಜನ, ಹೆಚ್ಚಿನವರು ನಮಗೆ ವಿರೋಧಿಗಳು. ಜ್ವರದಿಂದ ಎದ್ದ ತಂಗರಾಜ್ ಗೋಲುಗಾವಲಿಗೆ ನಿಂತರು. ಇವರು ಹುಟ್ಟಿದ್ದೂ ಹೈದರಾಬಾದಿನಲ್ಲಿಯೇ. ೧೭ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಒಂದು, ೨೦ನೆಯ ನಿಮಿಷದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಇನ್ನೊಂದು ಗೋಲು ಹೊಡೆದರು. ಕೊರಿಯ ಒಂದು ಗೋಲು ತೀರಿಸಿದಾಗ ಆಟ ಮುಗಿಯಲು ಕೆಲವೇ ನಿಮಿಷ ಉಳಿದಿದ್ದವು. ೨-೧. ಕಾಣಿಕೆ ಸಂದಿತು. ಬೆಂಗಳೂರಿನ ಅರುಮೈನಾಯಗಂ ಅವರೂ ಆ ಚಿನ್ನದ ತಂಡದಲ್ಲಿದ್ದವರು.

ಒಂಬತ್ತು ತಿಂಗಳ ಬಳಿಕ, ೧೯೬೩ನೆಯ ಜೂನ್ ೧೧ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ ರಹೀಂ ಸಾಹೇಬರು ತೀರಿಕೊಂಡರು. ಅವರಿಗೆ ಐವತ್ತನಾಲ್ಕು ತುಂಬಿರಲಿಲ್ಲ.

೭. ಆಮೇಲೆ

ಭಾರತವು ೧೯೬೪ರ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ೧೯೭೦ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಕಂಚು ಬಂತು. ಆ ತಂಡದ ನಾಯಕ ಸೈಯದ್ ನಯೀಮುದ್ದೀನ್, ಅವರೂ ಹೈದರಾಬಾದಿನವರೇ. ಅವರು ಮುಂದೆ ಭಾರತ ತಂಡದ ತರಬೇತುದಾರರಾಗಿ, ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. ಏಷ್ಯನ್ ಕ್ರೀಡೆಗಳ ಕಾಲ್ಚೆಂಡಾಟದಲ್ಲಿ ಅದರ ಮೇಲೆ ನಮಗೆ ಪದಕ ಬಂದಿಲ್ಲ. ೧೯೬೦ರ ರೋಮಿನ ಬಳಿಕ ನಮ್ಮ ತಂಡ ಒಲಿಂಪಿಕ್ಸಿನ ಮೈದಾನಕ್ಕೆ ಇಳಿದಿಲ್ಲ.

ಒಬ್ಬ ಮನುಷ್ಯ ಹೋದೊಡನೆ ಕಟ್ಟಡ ಏಕೆ ಕುಸಿಯಿತು? ಎಲ್ಲ ಹೊರೆಯೂ ಒಂದೇ ಕಂಬದ ಮೇಲಿತ್ತು ಎಂಬುದು ನಮ್ಮ ಅಭಿಪ್ರಾಯ. ಸಂಸ್ಥೆಯ ಕಾರ್ಯದರ್ಶಿ ಅವರೇ, ಪೊಲೀಸ್ ತಂಡದ ಗುರು ಅವರೇ, ದೇಶದ ತಂಡದ ಗುರುವೂ ಅವರೇ. ದುರ್ಬಲ ಕಾಲಿನ ಪಂದ್ಯಾವಳಿಯನ್ನು, ಎಳೆಯರನ್ನು ಹುಡುಕುವ ಕೆಲಸವನ್ನು ಊರೂರಿಗೆ ಹಬ್ಬಿಸಿ ಶಾಶ್ವತಗೊಳಿಸುವ ಏರ್ಪಾಡನ್ನು ನಾವು ಮಾಡಲಿಲ್ಲ. ಬೇರೆ ದೇಶಗಳು ಆ ಏರ್ಪಾಡನ್ನು ಮಾಡಿಕೊಂಡವು. ೧೯೬೨ರಲ್ಲಿ ನಾವು ಸೋಲಿಸಿದ ಜಪಾನ್, ಕೊರಿಯಗಳು ೨೦೦೨ರಲ್ಲಿ ಕೂಡಿ ವಿಶ್ವಕಪ್ಪನ್ನೇ ನಡೆಸಿದವು.

ಬಲರಾಮ್ ಅವರ ಗತಿಯನ್ನೂ ಹೇಳಬೇಕು. ಗುರುಗಳು ತೀರಿಕೊಂಡ ೧೯೬೩ರಲ್ಲಿಯೇ, ಇಪ್ಪತ್ತೇಳರ ಸುಮಾರಿನಲ್ಲಿ, ಎದೆಯ ಕಾಯಿಲೆಯಿಂದ ಅವರು ಆಟ ನಿಲ್ಲಿಸಬೇಕಾಯಿತು. ಮುಂದೆ ಬಂಗಾಳದಲ್ಲಿ ನೆಲೆಸಿ ಎಳೆಯರಿಗೆ ಆಟ ಕಲಿಸಿದರು. ೨೦೨೩ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಟಗಾರನ ಆಯುಷ್ಯ ಎಷ್ಟು ಚಿಕ್ಕದೆಂದು ಇದರಿಂದ ತಿಳಿಯುತ್ತದೆ. ಗುಮಾಸ್ತನಿಗೆ ಐವತ್ತೆಂಟು ಅರವತ್ತರ ತನಕ ಕುರ್ಚಿಯುಂಟು. ಆಟಗಾರನಿಗೆ ಮೂವತ್ತೈದು ದಾಟಿದರೆ ಮೈದಾನವಿಲ್ಲ. ಆಮೇಲೆ ಉಳಿಯುವುದು, ತಾನು ಕಲಿತದ್ದನ್ನು ಮತ್ತೊಬ್ಬರಿಗೆ ಕೊಡುವ ಕೆಲಸ ಒಂದೇ.

೮. ನಮಗೇನು?

ದೊಡ್ಡ ಆಟಗಾರನಾಗದವನು ದೊಡ್ಡ ಗುರುವಾದ ಉದಾಹರಣೆ ಹಳೆಯದಷ್ಟೇ ಅಲ್ಲ. ೨೦೨೧-೨೨ರ ಇಂಡಿಯನ್ ಸೂಪರ್ ಲೀಗನ್ನು ಹೈದರಾಬಾದ್ ತಂಡ ಗೆದ್ದಾಗ ಅದನ್ನು ನಡೆಸಿದ ಸ್ಪೇನಿನ ಮನೋಲೋ ಮಾರ್ಕೆಸ್ ಕೂಡ ಆಟಗಾರರಾಗಿ ಲೋಕಪ್ರಸಿದ್ಧರಾದವರಲ್ಲ. ತನ್ನ ಕಾಲಿಗೆ ಸಹಜವಾಗಿ ಬಂದದ್ದನ್ನು ಮತ್ತೊಬ್ಬನಿಗೆ ವಿವರಿಸುವುದು ಪ್ರತಿಭಾವಂತನಿಗೆ ಎಷ್ಟೋ ವೇಳೆ ಕಷ್ಟ. ಕಷ್ಟಪಟ್ಟು ಕಲಿತವನಿಗೆ ಮೆಟ್ಟಿಲು ಮೆಟ್ಟಿಲಾಗಿ ದಾರಿ ಗೊತ್ತಿರುತ್ತದೆ.

ನಮ್ಮಲ್ಲಿ ಅನೇಕರು ಹತ್ತು ಹದಿನೈದು ವರ್ಷದ ಹಿಂದೆ ಒಂದು ಚೀಲ ಹಿಡಿದು ಈ ಊರಿಗೆ ಬಂದವರು. ವಿಮಾನ ನಿಲ್ದಾಣದ ಸುತ್ತಣ ಗೋದಾಮುಗಳಲ್ಲಿ, ಕಟ್ಟಡಗಳಲ್ಲಿ, ಲೆಕ್ಕದ ಮೇಜುಗಳಲ್ಲಿ ಕೆಲಸ ಕಲಿತವರು. ಈಗ ಊರಿನಿಂದ ಹೊಸ ಹುಡುಗರು ಬರುತ್ತಿದ್ದಾರೆ. ಅವರಿಗೆ ಬಿಲ್ಲು ಬರೆಯಲು ಬಾರದು, ಅರ್ಜಿ ತುಂಬಲು ಬಾರದು, ಇಲ್ಲಿಯ ತೆಲುಗು ಉರ್ದು ತಿಳಿಯದು. ನಾವು ಅವರ ಮುಂದೆ ನಮ್ಮ ಜಾಣತನದ ಆಟ ತೋರಿಸಿ ಚಪ್ಪಾಳೆ ಗಿಟ್ಟಿಸಬಹುದು, ಇಲ್ಲವೆ ಚೆಂಡನ್ನು ಅವರ ಕಾಲಿಗೆ ದಾಟಿಸಬಹುದು. ರಹೀಂ ಸಾಹೇಬರು ಯಾವುದನ್ನು ಆರಿಸುತ್ತಿದ್ದರೆಂದು ಓದುಗರು ಬಲ್ಲರು.

ಪ್ರಶ್ನೆ ಕೇಳಿದ ತರುಣ ಮುಂದಿನ ಭಾನುವಾರ ತನ್ನ ಕೋಣೆಯ ಇಬ್ಬರು ಹೊಸ ಹುಡುಗರನ್ನು ಕರೆತಂದ. ಅವರಿಗೆ ಬ್ಯಾಂಕಿನ ಚಲನ್ ತುಂಬುವುದನ್ನು ತಾನೇ ಕುಳಿತು ಕಲಿಸಿದ. ವಾಚನಾಲಯದ ಮೇಜಿನಲ್ಲಿ ಇನ್ನೂ ಸ್ಥಳವಿದೆ.

ಓದುಗರು ಆಲೋಚಿಸಬೇಕಾದ ಪ್ರಶ್ನೆಗಳು

೧. ಹೆಲ್ಸಿಂಕಿಯ ಸೋಲಿಗೆ ಬರಿಗಾಲು ಒಂದೇ ಕಾರಣವೆ? ಮತ್ತೇನಿತ್ತು?
೨. ದುರ್ಬಲ ಕಾಲಿನ ಪಂದ್ಯಾವಳಿಯಂಥ ನಿಯಮವೊಂದನ್ನು ನಿಮ್ಮ ಕೆಲಸದಲ್ಲಿ ಹೇಗೆ ಮಾಡಬಹುದು?
೩. ರೋಮಿನಲ್ಲಿ ತಂದೆ ಮಗನನ್ನು ಆಡಿಸದಿದ್ದುದು ಸರಿಯೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
೪. ನೀವು ನಾಳೆ ಊರಿಗೆ ಹೋದರೆ, ನಿಮ್ಮ ಕೆಲಸವನ್ನು ಬಲ್ಲ ಇನ್ನೊಬ್ಬರು ಇಲ್ಲಿ ಇದ್ದಾರೆಯೆ?